ಕಟ್ಟು ಹಾಕಿಸಿಕೊಂಡ ಜಿಂಕೆ

ಫ್ರೇಮಣ್ಣನಿಗೆ ಓದಲು ಬರುವುದಿಲ್ಲವೆಂದು ಯಾರೂ ತಪ್ಪು ತಿಳಿಯಬಾರದು. ಚೆನ್ನಾಗಿಯೇ ಬರುತ್ತಿತ್ತು. ಬಸ್ಸಿನ ಬೋರ್ಡು, ಔಷಧಿ ಚೀಟಿ, ಹೆಂಡತಿಯ ಮುಖ ಎಲ್ಲವನ್ನೂ ಸರಾಗವಾಗಿ ಓದುತ್ತಿದ್ದ. ಅಂಗಡಿಯ ಒಳಗೆ ಕಾಲಿಟ್ಟ ಮೇಲೆ ಮಾತ್ರ ಓದುತ್ತಿರಲಿಲ್ಲ. ಅದು ಅವನ ಕಸುಬಿನ ನೇಮ.

ಅವನ ಕಸುಬು ಫೋಟೋಗಳಿಗೆ, ಸರ್ಟಿಫಿಕೇಟುಗಳಿಗೆ ಗಾಜು ಕೂರಿಸಿ ಕಟ್ಟು ಹಾಕುವುದು. ಕಲಿಸಿದವರು ಸೋದರಮಾವ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಗಿರಾಕಿಯೊಬ್ಬರು ಹೊಸ ಹೆಂಡತಿಯ ಜೊತೆ ಬಂದು, ಮದುವೆ ಫೋಟೋ ಇದ್ದ ಒಂದು ಲಕೋಟೆ ಕೊಟ್ಟು ಹೋಗಿದ್ದರು. ಲಕೋಟೆಯಲ್ಲಿ ಬೇರೆ ಕಾಗದಗಳೂ ಇದ್ದವು. ಫ್ರೇಮಣ್ಣ ಅವನ್ನೆಲ್ಲ ಶ್ರದ್ಧೆಯಿಂದ ಓದಿ, ಮರುದಿನ ದಂಪತಿ ಬಂದಾಗ, "ಮೊದಲನೆಯವರಿಂದ ಬಿಡುಗಡೆ ಆಯ್ತಲ್ಲ, ಆ ಕೋರ್ಟ್ ಕಾಗದಕ್ಕೂ ಕಟ್ಟು ಹಾಕ್ಲಾ?" ಎಂದು ವಿನಯದಿಂದ ಕೇಳಿದ. ಮೊದಲನೆಯವರು ಒಬ್ಬರಿದ್ದರು ಎಂಬುದು ಹೊಸ ಹೆಂಡತಿಗೆ ಗೊತ್ತಾದದ್ದು ಆಗಲೇ. ಅಂದು ಅಂಗಡಿಯಲ್ಲಿ ಒಡೆದ ಗಾಜಿನ ಲೆಕ್ಕ ಮಾವ ಸಾಯುವವರೆಗೂ ಹೇಳುತ್ತಿದ್ದರು.

"ಕಾಗದ ಬಂದ್ರೆ ಉದ್ದ ನೋಡು, ಅಗಲ ನೋಡು, ಅಂಚು ಹರಿದಿದೆಯಾ ನೋಡು. ಒಳಗೇನಿದೆ ಅಂತ ಮಾತ್ರ ನೋಡ್ಬೇಡ ಕಣೋ" ಎಂದು ಅವನ ಕಿವಿ ಹಿಂಡಿ ಹೇಳಿದ್ದರು. ಆ ಕಿವಿ ಇಪ್ಪತ್ತಾರು ವರ್ಷವಾದರೂ ಆ ಮಾತನ್ನು ಮರೆತಿರಲಿಲ್ಲ. ಪದವಿಪತ್ರವೆಂದರೆ ಅವನಿಗೆ ಹದಿನೆಂಟಕ್ಕೆ ಹನ್ನೆರಡು ಅಂಗುಲ, ಕೆಳಗೆ ಬಲಕ್ಕೆ ಮುದ್ರೆ. ಅಷ್ಟೇ. ಡಾಕ್ಟರದೋ ವಕೀಲರದೋ ಕೇಳಬಾರದು.

ಇಂಥ ನಿಷ್ಠಾವಂತನಿಗೆ ಒಂದೇ ಒಂದು ಕೊರಗಿತ್ತು. ಇಡೀ ಬೀದಿಗೆ ಅವನು ಫ್ರೇಮಣ್ಣ. ಎದುರಿನ ಕ್ಷೌರದಂಗಡಿಯವನಿಗೂ ಫ್ರೇಮಣ್ಣ, ನಿವೃತ್ತ ಮೇಷ್ಟ್ರಿಗೂ ಫ್ರೇಮಣ್ಣ, ನಿನ್ನೆ ಮಾತು ಕಲಿತ ಮಗುವಿಗೂ ಫ್ರೇಮಣ್ಣ. ಊರಿಗೆಲ್ಲ ಮರ್ಯಾದೆಯ ಕಾಗದಗಳಿಗೆ ಗಾಜು ಕೂರಿಸಿದವನನ್ನು ಯಾರೂ ಒಂದು ದಿನ "ಸರ್" ಅಂದಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಫೋನು ಬಂತು.

"ನಮಸ್ಕಾರ ಸರ್. ಸರ್, ನಾನು ಜಿಂಕೆ ಕಾಯಿನ್ ಸಂಸ್ಥೆಯಿಂದ ನಿಮ್ಮ ಸಲಹೆಗಾರ್ತಿ ಮಾತಾಡ್ತಿದೀನಿ ಸರ್. ಸರ್, ಎರಡು ನಿಮಿಷ ಬಿಡುವಿದೆಯಾ ಸರ್?"

ಒಂದೇ ಉಸಿರಿಗೆ ಐದು! ಫ್ರೇಮಣ್ಣ ಕೈಯಲ್ಲಿದ್ದ ಗಾಜನ್ನು ಮೆಲ್ಲನೆ ಕೆಳಗಿಟ್ಟ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಎರಡು ನಿಮಿಷವೇನು, ಎರಡು ಗಂಟೆ ಬಿಡುವಿದೆ ಎಂದ.

ಜಿಂಕೆ ಕಾಯಿನ್ ಎಂದರೆ ವರ್ಚುವಲ್ ಕರೆನ್ಸಿ ಎಂದಳು ಸಲಹೆಗಾರ್ತಿ. ಕೈಯಲ್ಲಿ ಹಿಡಿಯಲಾಗದು, ಕಣ್ಣಿಗೆ ಕಾಣದು, ಆದರೆ ಬೆಳೆಯುತ್ತಲೇ ಇರುತ್ತದೆ. ಕಾಣದ ವಸ್ತುವಿಗೆ ಕಟ್ಟು ಹಾಕುವುದು ಹೇಗೆ ಎಂಬ ವೃತ್ತಿಸಹಜ ಸಂಶಯ ಬಿಟ್ಟರೆ ಅವನಿಗೆ ಬೇರೆ ಸಂಶಯ ಬರಲಿಲ್ಲ. ಅಂಗಡಿಗೆ ಹೊಸ ಬೋರ್ಡು ಬರೆಸಲು ಎರಡು ವರ್ಷದಿಂದ ಕೂಡಿಟ್ಟಿದ್ದ ಹಣವನ್ನು ಅಂದೇ ಕಳುಹಿಸಿದ. ಫೋನಿನ ಪರದೆಯ ಮೇಲೆ ಹೊಂಬಣ್ಣದ ಜಿಂಕೆಯೊಂದು ಛಂಗನೆ ನೆಗೆಯಿತು. ಒಂಬತ್ತು ದಿನ ಒಂಬತ್ತು ಸಲ ನೆಗೆಯಿತು. ಹತ್ತನೆಯ ದಿನ ಪರದೆಯಲ್ಲಿ ಅವನ ಹಣ ಎರಡರಷ್ಟಾಗಿತ್ತು.

"ನೋಡೇ ಇಲ್ಲಿ" ಎಂದು ಹೆಂಡತಿಯ ಮೂಗಿನ ತನಕ ಫೋನು ಹಿಡಿದ.

ಹೆಂಡತಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇಣುಕಿದಳು. "ಜಿಂಕೆ ನೆಗೀತಾ ಇದೆ. ದುಡ್ಡೆಲ್ಲಿದೆ?"

"ಅದೇ ದುಡ್ಡು."

"ಅದನ್ನ ಕೊಟ್ರೆ ಮೆಷಿನ್ ಅಂಗಡಿಯವನು ತಗೋತಾನಾ?"

ಅವಳ ಲೋಕದಲ್ಲಿ ಆಗ ಇದ್ದದ್ದು ಒಂದೇ ಮೆಷಿನ್ನು. ದೊಡ್ಡಾಸ್ಪತ್ರೆಯವರು ಮುನ್ನೂರು ಪರದೆ ಹೊಲಿಯುವ ಕೆಲಸ ಕೊಡುತ್ತೇವೆಂದಿದ್ದರು. ಆದರೆ ಅಂಚು ಬಿಚ್ಚಿಕೊಳ್ಳದಂತೆ ಹೊಲಿಯಲು ಓವರ್‌ಲಾಕ್ ಮೆಷಿನ್ನು ಬೇಕು. ಹಳೆಯದೊಂದು ಅಗ್ಗಕ್ಕೆ ಸಿಕ್ಕಿತ್ತು. ಅಂಗಡಿಯವನು ಶನಿವಾರದ ತನಕ ಕಾಯುತ್ತೇನೆ ಎಂದಿದ್ದ. ನಾಲ್ಕು ವರ್ಷ ಪರರ ಕುಪ್ಪಸಕ್ಕೆ ಕೊಕ್ಕೆ ಹಾಕಿ ಕೂಡಿಸಿದ ಹಣ ಬಿಸ್ಕತ್ತಿನ ಡಬ್ಬಿಯಲ್ಲಿ ಸಿದ್ಧವಾಗಿತ್ತು.

"ಆ ಡಬ್ಬಿ ನನ್ನ ಕೈಗೆ ಕೊಡು. ಶನಿವಾರ ಒಂದಲ್ಲ, ಎರಡು ಮೆಷಿನ್ ತರ್ತೀನಿ" ಎಂದ ಫ್ರೇಮಣ್ಣ.

"ನಂಗಿರೋದು ಎರಡೇ ಕಾಲು. ಒಂದು ಮೆಷಿನ್ ಸಾಕು" ಎಂದು ಅವಳು ಡಬ್ಬಿಯ ಮೇಲೆ ಬಟ್ಟೆಯ ಗಂಟು ಹೇರಿದಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಸೋಮವಾರ ಹೂಡಿಕೆ ನಿಯಂತ್ರಣ ಕಚೇರಿಯ ಸಾಹೇಬರು ಅಂಗಡಿಗೆ ಬಂದರು.

ಸಾಹೇಬರು ಒಳ್ಳೆಯವರು. ಆದರೆ ಮೂವತ್ತು ವರ್ಷ ಕಡತಗಳ ಜೊತೆ ಸಂಸಾರ ಮಾಡಿ, ನೀರು ಕೇಳುವಾಗಲೂ ಕಡತದ ಭಾಷೆಯಲ್ಲೇ ಕೇಳುತ್ತಿದ್ದರು. "ಸದರಿ ಪ್ರಕಟಣೆಯ ನಲವತ್ತು ಪ್ರತಿಗಳಿಗೆ ಸೂಕ್ತ ರೀತಿಯಲ್ಲಿ ಕಟ್ಟು ಹಾಕತಕ್ಕದ್ದು. ಬ್ಯಾಂಕು, ಬಸ್ ನಿಲ್ದಾಣ ಮುಂತಾದ ಕಡೆ ಪ್ರದರ್ಶಿಸತಕ್ಕದ್ದಿದೆ. ಹಾಳಾದರೆ ಇರಲೆಂದು ಒಂದು ಪ್ರತಿ ಹೆಚ್ಚುವರಿಯಾಗಿ ಲಗತ್ತಿಸಿದೆ" ಎಂದು ಸುರುಳಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಫ್ರೇಮಣ್ಣ ಸುರುಳಿ ಬಿಚ್ಚಿದ. ಉದ್ದ ನೋಡಿದ, ಅಗಲ ನೋಡಿದ, ಅಂಚು ನೋಡಿದ. ಓದಲಿಲ್ಲ. ಆದರೆ ಚಿತ್ರ ನೋಡಬಾರದೆಂದು ಸೋದರಮಾವ ಹೇಳಿರಲಿಲ್ಲ. ಕಾಗದದ ನಡುವೆ ಅವನ ಜಿಂಕೆ! ಅದೇ ಹೊಂಬಣ್ಣ, ಅದೇ ನೆಗೆತ. ಕೆಳಗೆ ಬಲಕ್ಕೆ ತಟ್ಟೆಯಗಲದ ಸರ್ಕಾರಿ ಮುದ್ರೆ. ಜಿಂಕೆಯ ಮೈಮೇಲೆ ಹೆಗಲಿಂದ ಸೊಂಟದವರೆಗೆ ಓರೆಯಾಗಿ ಒಂದು ಕೆಂಪು ಪಟ್ಟಿ. ಬಹುಮಾನ ಗೆದ್ದವರ ಮೈಮೇಲೆ ಹೊದಿಸುವಂಥದೇ ಪಟ್ಟಿ. ಸರ್ಕಾರ ಅವನ ಜಿಂಕೆಗೆ ಸನ್ಮಾನ ಮಾಡಿದೆ!

ನಲವತ್ತಕ್ಕೆ ಸಾದಾ ಕಪ್ಪು ಕಟ್ಟು ಹಾಕಿದ. ನಲವತ್ತೊಂದನೆಯದಕ್ಕೆ ತನ್ನ ಖರ್ಚಿನಲ್ಲಿ ನಾಲ್ಕು ಬೆರಳಗಲದ ಚಿನ್ನದ ಬಣ್ಣದ ಕಟ್ಟು ಹಾಕಿ, ಅಂಗಡಿಯ ಒಳಗೋಡೆಯ ನಟ್ಟನಡುವೆ ತೂಗುಹಾಕಿದ.

ಮೊದಲು ಕಂಡವನು ಎದುರಂಗಡಿಯ ಕ್ಷೌರಿಕ. ಗಿರಾಕಿಯ ಅರ್ಧ ಗಡ್ಡಕ್ಕೆ ನೊರೆ ಬಳಿದು ಬಿಟ್ಟು, ಬ್ರಷ್ಷು ಹಿಡಿದೇ ಬಂದ.

"ಏನ್ ಫ್ರೇಮಣ್ಣಾ ಇದು, ಹೊಳೀತಾ ಇದೆ?"

"ಮುದ್ರೆ ಕಾಣಿಸ್ತಿಲ್ವಾ?" ಎಂದ ಫ್ರೇಮಣ್ಣ, ತಾನೇ ಒತ್ತಿದ ಮುದ್ರೆಯಂತೆ. "ಸರ್ಕಾರದ್ದು. ನಮ್ಮ ಜಿಂಕೆ ಕಾಯಿನ್ ಬಗ್ಗೆ."

ಕ್ಷೌರಿಕ ಹತ್ತಿರ ಹೋಗಿ ನೋಡಿದ. ಗಾಜು ಹೊಸದು, ಬೆಳಕು ಎದುರಿನದು. ಅವನಿಗೆ ಕಂಡದ್ದು ತನ್ನದೇ ಮುಖ. ಮೀಸೆ ಸ್ವಲ್ಪ ಎಡಕ್ಕೆ ವಾಲಿತ್ತು. ಸರಿ ಮಾಡಿಕೊಂಡು, "ಬಹಳ ಚೆನ್ನಾಗಿದೆ" ಎಂದ. ತಿರುಗುವ ಕುರ್ಚಿ ತರಲು ಅವನು ಒಂದಿಷ್ಟು ಹಣ ಕೂಡಿಟ್ಟಿದ್ದ.

ಎರಡನೆಯವರು ನಿವೃತ್ತ ಮೇಷ್ಟ್ರು. ಬೀದಿಯಲ್ಲಿ ಯಾರಿಗೆ ಯಾವ ಕಾಗದ ಬಂದರೂ ಅವರ ತೀರ್ಪೇ ಕೊನೆಯದು. ಕನ್ನಡಕ ಏರಿಸಿ, ಕೈ ಹಿಂದಕ್ಕೆ ಕಟ್ಟಿ, ಮೊದಲ ಸಾಲನ್ನು ಸವಿದರು. "'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ.' ಆಹಾ! ಭಾಷೆ ಶುದ್ಧವಾಗಿದೆ. ಈಗಿನ ಕಾಲದಲ್ಲಿ ಹೀಗೆ ಬರೆಯೋರು ಎಲ್ಲಿದ್ದಾರೆ?" ಎಂದು ತೃಪ್ತಿಯಿಂದ ಕನ್ನಡಕ ಇಳಿಸಿದರು.

ಮೇಷ್ಟ್ರು ಓದಿದ್ದಾರೆ ಎಂಬ ಸುದ್ದಿ ಬೀದಿಗೆ ಹರಡಿತು. ಮೇಷ್ಟ್ರು ಓದಿದ ಮೇಲೆ ಉಳಿದವರು ಓದುವುದು ಅಧಿಕಪ್ರಸಂಗ. ಹಾಗಾಗಿ ಬಂದವರೆಲ್ಲ ಮುದ್ರೆ ನೋಡಿದರು, ಪಟ್ಟಿ ನೋಡಿದರು, ಗಾಜಿನಲ್ಲಿ ತಮ್ಮ ಮುಖ ನೋಡಿಕೊಂಡರು, ಹೋಗಿ ಹಣ ತಂದರು. ಹತ್ತು ಜನರನ್ನು ಸೇರಿಸಿದರೆ ಫ್ರೇಮಣ್ಣನನ್ನು ಬೀದಿಯ ಮುಖ್ಯಸ್ಥನನ್ನಾಗಿ ಮಾಡುತ್ತೇವೆ ಎಂದು ಸಲಹೆಗಾರ್ತಿ ಹೇಳಿದ್ದಳು. ಎಲ್ಲರ ಹಣ ಒಟ್ಟಿಗೆ, ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆಯೊಳಗೆ. ಆಮೇಲೆ ಬಾಗಿಲು ಮುಚ್ಚುತ್ತದೆ.

ಬುಧವಾರ ಹೆಂಡತಿಯೂ ಬಂದು ಗೋಡೆಯ ಮುಂದೆ ನಿಂತಳು. ಮುದ್ರೆಯನ್ನು ಬಹಳ ಹೊತ್ತು ನೋಡಿದಳು.

"ಮೇಷ್ಟ್ರು ಓದಿದ್ರಂತಾ?"

"ಭಾಷೆ ಶುದ್ಧವಾಗಿದೆ ಅಂದ್ರು."

ಅವಳು ಒಳಗೆ ಹೋಗಿ ಬಟ್ಟೆಯ ಗಂಟು ಸರಿಸಿ ಡಬ್ಬಿ ತಂದಳು. ಕೊಟ್ಟಳು, ಆದರೆ ಬೆರಳುಗಳು ಡಬ್ಬಿಯನ್ನು ಒಂದು ಕ್ಷಣ ಬಿಡಲಿಲ್ಲ. "ಶನಿವಾರ" ಎಂದಳು, ಅಷ್ಟೇ.

ಗುರುವಾರ ಸಾಹೇಬರು ನಲವತ್ತು ಕಟ್ಟುಗಳನ್ನು ಒಯ್ಯಲು ವ್ಯಾನು ತಂದರು. ಬಂದು ನೋಡಿದರೆ ಅಂಗಡಿಯ ತುಂಬ ಜನ! ಎಲ್ಲರೂ ತಮ್ಮ ಪ್ರಕಟಣೆಯ ಮುಂದೆ! ಇಷ್ಟು ವರ್ಷ ಅವರು ಹೊರಡಿಸಿದ ಪ್ರಕಟಣೆಗಳ ಮುಂದೆ ನಿಂತದ್ದು ಗೋಡೆಗೆ ಬೆನ್ನು ತುರಿಸುವ ದನಗಳು ಮಾತ್ರ. ಸಾಹೇಬರ ಕಣ್ಣು ಒದ್ದೆಯಾಯಿತು. ಸ್ಟೂಲಿನ ಮೇಲೆ ಹತ್ತಿ ನಿಂತರು.

"ಬಂಧುಗಳೇ! ಸದರಿ ಪ್ರಕಟಣೆಗೆ ನೀವು ತೋರಿಸುತ್ತಿರುವ ಆಸಕ್ತಿಯನ್ನು ಕಚೇರಿಯು ಹರ್ಷದಿಂದ ಗಮನಿಸಿದೆ. ಇದರಂತೆ ನಡೆದುಕೊಳ್ಳಿ. ನೆಂಟರಿಷ್ಟರಿಗೂ ತಿಳಿಸಿ. ತಡ ಮಾಡತಕ್ಕದ್ದಲ್ಲ. ತಡ ಮಾಡಿದವರು ಈಗ ನಮ್ಮ ಕಚೇರಿಗೆ ಬಂದು ಅಳುತ್ತಿದ್ದಾರೆ!"

ಜೋರು ಚಪ್ಪಾಳೆ ಬಿತ್ತು. ಕ್ಷೌರಿಕ ಶಿಳ್ಳೆ ಹಾಕಿದ. ಸಾಹೇಬರು ಸ್ಟೂಲಿಂದ ಇಳಿದು ಫ್ರೇಮಣ್ಣನ ಕೈ ಕುಲುಕಿ, ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ ವ್ಯಾನು ಹತ್ತಿದರು. ತಡ ಮಾಡಿದವರು ಅಳುತ್ತಿದ್ದಾರೆಂದು ಖುದ್ದು ಸರ್ಕಾರ ಹೇಳಿದ ಮೇಲೆ, ಅದುವರೆಗೆ ಅನುಮಾನಿಸುತ್ತಿದ್ದ ನಾಲ್ವರು ಓಡಿಹೋಗಿ ಹಣ ತಂದರು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಮುಚ್ಚದಾಯಿತು. ಫ್ರೇಮಣ್ಣ ಅದರ ಮೇಲೆ ಗಾಜಿನ ತುಂಡೊಂದನ್ನು ಹೇರಿಟ್ಟ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಯ ಬಸ್ಸಿಗೆ ಅತ್ತೆ ಬಂದಿಳಿದರು.

ಫ್ರೇಮಣ್ಣನ ಅತ್ತೆಗೆ ಅರವತ್ತೇಳು ವರ್ಷ. ಅರವತ್ತೈದರವರೆಗೆ ಒಂದಕ್ಷರ ಗೊತ್ತಿರಲಿಲ್ಲ. ಆಮೇಲೆ ಅವರ ಮನೆಯ ಹತ್ತಿರ ದೊಡ್ಡವರಿಗೆಂದು ಅಕ್ಷರ ಕಲಿಸುವ ತರಗತಿ ಶುರುವಾಯಿತು. ಅತ್ತೆ ಮೊದಲ ಬೆಂಚಿನಲ್ಲಿ ಕೂತರು. ಎರಡು ವರ್ಷಕ್ಕೆ ಓದು ಬಂತು, ಜೊತೆಗೆ ಒಂದು ಸರ್ಟಿಫಿಕೇಟೂ ಬಂತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಅಳಿಯನ ಕೈಯಲ್ಲೇ ಕಟ್ಟು ಹಾಕಿಸಬೇಕೆಂದು ಬಂದಿದ್ದರು.

ಅಂಗಡಿಯಲ್ಲಿ ಬೀದಿಯೆಲ್ಲ ಸೇರಿತ್ತು. ನಾಲ್ಕು ಗಂಟೆಯೊಳಗೆ ಹಣ ಹೋಗುವುದನ್ನು ಕಣ್ಣಾರೆ ನೋಡಬೇಕಲ್ಲ. ಅತ್ತೆ ಜನರ ನಡುವೆ ದಾರಿ ಮಾಡಿಕೊಂಡು ಬಂದು ಕಾಗದ ಚಾಚಿದರು. ಫ್ರೇಮಣ್ಣ ಒಂದು ಕಣ್ಣು ಗಡಿಯಾರದ ಮೇಲಿಟ್ಟು ಕಾಗದದ ಉದ್ದ ನೋಡಿದ, ಅಗಲ ನೋಡಿದ.

"ಹತ್ತಕ್ಕೆ ಎಂಟು. ಆಗುತ್ತೆ ಅತ್ತೆ, ಕೂತ್ಕೊಳ್ಳಿ."

"ಓದಲ್ವಾ ಅಳಿಯಂದ್ರೇ?"

"ಅಂಗಡೀಲಿ ನಾನು ಓದಲ್ಲ ಅತ್ತೆ. ಕಸುಬಿನ ನೇಮ."

"ಓದದೇ ಕಟ್ಟು ಹಾಕ್ತೀರಾ?" ಅತ್ತೆಯ ಮುಖ ಸಣ್ಣದಾಯಿತು. ಎರಡು ವರ್ಷ ಕಷ್ಟಪಟ್ಟು ಕಲಿತವರಿಗೆ ಓದು ಬಂದೂ ಓದದ ಮನುಷ್ಯನನ್ನು ಕಂಡರೆ, ಊಟ ಬಡಿಸಿಕೊಂಡು ಎದ್ದುಹೋದವನನ್ನು ಕಂಡಂತಾಗುತ್ತದೆ. ಕಟ್ಟು ಸಿದ್ಧವಾಗುವವರೆಗೆ ಸುಮ್ಮನೆ ಕೂರುವುದೇಕೆಂದು, ಅವರು ಎದ್ದು ನಿಂತು ಗೋಡೆಯನ್ನು ಎಡದಿಂದ ಓದತೊಡಗಿದರು. ತೋರುಬೆರಳನ್ನು ಗಾಜಿಗೆ ತಾಗಿಸಿ, ಒಂದೊಂದೇ ಅಕ್ಷರ, ಗಟ್ಟಿಯಾಗಿ. ತರಗತಿಯಲ್ಲಿ ಕಲಿಸಿದ್ದು ಹಾಗೆಯೇ.

ಒಂದು ಪದವಿಪತ್ರ ಮುಗಿಸಿದರು. ಒಂದು ಓಟದ ಸ್ಪರ್ಧೆಯ ಬಹುಮಾನ ಪತ್ರ ಮುಗಿಸಿದರು. ಮೂರು ಗಂಟೆ ನಲವತ್ತು ನಿಮಿಷಕ್ಕೆ ಚಿನ್ನದ ಕಟ್ಟಿನ ಮುಂದೆ ನಿಂತರು. ಎತ್ತರ ಕಡಿಮೆಯಾದ್ದರಿಂದ ಅವರಿಗೆ ಗಾಜಿನಲ್ಲಿ ತಮ್ಮ ಮುಖ ಕಾಣಿಸಲಿಲ್ಲ.

"ಸಾ... ರ್ವ... ಜ... ನಿ... ಕ... ಸಾರ್ವಜನಿಕ... ಪ್ರ... ಕ..."

ಅಷ್ಟರಲ್ಲಿ ಫೋನು ಬಂತು. ಎಲ್ಲರಿಗೂ ಕೇಳಲೆಂದು ಫ್ರೇಮಣ್ಣ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

"ನಮಸ್ಕಾರ ಸರ್. ಎಲ್ರೂ ಸಿದ್ಧಾನಾ ಸರ್?"

"ಸಿದ್ಧ ಮೇಡಂ. ಸ್ವಲ್ಪ ನಮ್ಮತ್ತೆ..."

ಅತ್ತೆಯ ಬೆರಳು ಅಷ್ಟರಲ್ಲಿ ಮೇಷ್ಟ್ರು ಸವಿದ ಸಾಲನ್ನು ದಾಟಿತ್ತು. "ಜಿಂ... ಕೆ... ಕಾ... ಯಿ... ನ್... ಎಂ... ಬ..."

"ಜಿಂಕೆ ಕಾಯಿನ್ ಅಂತೆ! ನೋಡ್ರಪ್ಪಾ, ಬರೆದಿದ್ದಾರೆ!" ಎಂದು ಕ್ಷೌರಿಕ ಉಬ್ಬಿದ. ಜನ ಹತ್ತಿರ ಸರಿದರು.

"ವ... ರ್ಚು... ವ... ಲ್... ಇದೇನು ಪದಾನೋ ಹೆಸರೋ? ಇರಲಿ. ಕ... ರೆ... ನ್ಸಿ... ಯು... ಈ... ಕ... ಚೇ... ರಿ... ಯ... ಲ್ಲಿ... ನೋಂ... ದ... ಣಿ... ಯಾ... ಗಿ... ರು..."

"ನೋಂದಣಿ ಆಗಿದೆ!" ಎಂದು ಮೇಷ್ಟ್ರು ಕೈಯೆತ್ತಿದರು. ಜನ ಹೋ ಎಂದರು. ಫ್ರೇಮಣ್ಣ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ.

"ಸುಮ್ನಿರ್ರೀ, ಇನ್ನೂ ಇದೆ" ಎಂದರು ಅತ್ತೆ, ಬೆರಳು ಕದಲಿಸದೆ. "...ವು... ದಿ... ಲ್ಲ."

ಹೋ ಎಂದಿದ್ದವರ ಬಾಯಿ ತೆರೆದಂತೆಯೇ ಉಳಿಯಿತು.

"ಅತ್ತೆ, ಇನ್ನೊಂದ್ಸಲ ನೋಡಿ" ಎಂದ ಫ್ರೇಮಣ್ಣ.

"ವು. ದಿ. ಲ್ಲ. ಲಕ್ಕೆ ಲ ಒತ್ತು. ನಂಗೆ ಅದರಲ್ಲಿ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ."

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಕನ್ನಡಕ ಒರೆಸತೊಡಗಿದರು. "ನಾನು... ಶೈಲಿ ಮಾತ್ರ ನೋಡಿದ್ದೆ."

"ಸರ್, ಅಲ್ಲೇನೋ ಗಲಾಟೆ ಸರ್. ನಾಲ್ಕಕ್ಕೆ ಬಾಗಿಲು ಮುಚ್ಚುತ್ತೆ ಸರ್" ಎಂದಿತು ಫೋನು.

"ಅತ್ತೇ, ಬೇಗ ಓದಿ!" ಎಂದ ಕ್ಷೌರಿಕ.

"ಬೇಗ ಓದೋದು ಮೂರನೇ ಪುಸ್ತಕದಲ್ಲಿ ಬರುತ್ತಂತೆ. ನಂದು ಎರಡಕ್ಕೇ ನಿಂತಿದೆ" ಎಂದರು ಅತ್ತೆ. ಮೇಷ್ಟ್ರು ನಾನೇ ಓದಿಬಿಡುತ್ತೇನೆಂದು ಮುಂದೆ ಬಂದರು. ಹತ್ತು ಕೈಗಳು ಅವರ ಅಂಗಿ ಹಿಡಿದು ಹಿಂದಕ್ಕೆಳೆದವು. "ನೀವು ಓದಿದ್ದು ಸಾಕು ಮೇಷ್ಟ್ರೇ!"

"ಮೋ... ಸ... ದ... ಲ... ಕ್ಷ... ಣ... ಗ... ಳು. ಒಂದು. ಅ... ಲ್ಪ... ಕಾ... ಲ... ದ... ಲ್ಲಿ... ಹ... ಣ... ಎ... ರ... ಡ... ರ... ಷ್ಟು..."

"ಸರ್, ಇವತ್ತು ಹಾಕಿದ್ರೆ ವಾರದಲ್ಲಿ ಎರಡರಷ್ಟು ಸರ್" ಎಂದಿತು ಫೋನು.

ಜನ ಗೋಡೆಯಿಂದ ಮೇಜಿಗೆ ಕತ್ತು ತಿರುಗಿಸಿದರು.

"ಎರಡು. ಸ... ಮ... ಯ... ಮೀ... ರು... ತ್ತಿ... ದೆ... ಎಂ... ದು... ಅ... ವ... ಸ... ರ..."

"ಸರ್, ಸಮಯ ಮೀರ್ತಿದೆ ಸರ್, ಇನ್ನು ಆರೇ ನಿಮಿಷ!"

ಕತ್ತುಗಳು ಮತ್ತೆ ತಿರುಗಿದವು. ಯಾರೋ ಕಿಸಕ್ಕನೆ ನಕ್ಕು, ನಗಬಾರದಿತ್ತೆಂದು ಬಾಯಿ ಮುಚ್ಚಿಕೊಂಡರು.

ಹೆಂಡತಿ ಆವರೆಗೆ ಬಾಗಿಲ ಬಳಿ ನಿಂತಿದ್ದಳು. ಈಗ ಬಂದು ಗಾಜಿನ ತುಂಡು ಎತ್ತಿಟ್ಟು, ಡಬ್ಬಿಯನ್ನು ಎರಡೂ ಕೈಯಿಂದ ಎದೆಗವಚಿಕೊಂಡಳು. ಆಮೇಲೆ ಫೋನಿಗೆ ಬಾಗಿದಳು.

"ಮೇಡಂ, ನಮ್ಮೆಜಮಾನ್ರು ಮೊದಲು ಹಾಕಿದ ದುಡ್ಡು ಇದೆಯಲ್ಲ, ಬೋರ್ಡಿನ ದುಡ್ಡು, ಅದು ಈಗ್ಲೇ ವಾಪಸ್ ಬೇಕು."

"ಖಂಡಿತಾ ಮೇಡಂ! ನಿಮ್ಮ ದುಡ್ಡು ನಿಮಗೇ. ತೆಗೆಯೋಕೆ ಮೊದಲು ಒಂದು ಸಣ್ಣ ಶುಲ್ಕ ಕಟ್ಟಬೇಕಾಗುತ್ತೆ ಮೇಡಂ, ಅಷ್ಟೇ."

ಅತ್ತೆಯ ಬೆರಳು ಮುಂದಿನ ಸಾಲಿಗೆ ಇಳಿಯಿತು. ಎಲ್ಲರ ಕಣ್ಣೂ ಅದರ ಹಿಂದೆಯೇ ಇಳಿಯಿತು.

"ಮೂರು. ಹಿಂ... ಪ... ಡೆ... ಯ... ಲು... ಮ... ತ್ತೆ... ಶು..."

"ಲ್ಕ!" ಎಂದು ಇಡೀ ಬೀದಿ ಒಕ್ಕೊರಲಿನಿಂದ ಕೂಗಿತು.

"ಸರ್, ನೀವು ಸ್ವಲ್ಪ ಫೋನ್ ತಗೊಂಡು ಒಬ್ರೇ ಹೊರಗೆ ಬನ್ನಿ ಸರ್" ಎಂದಿತು ಫೋನು, ಬೆಣ್ಣೆಯಂಥ ದನಿಯಲ್ಲಿ.

"ನಾಲ್ಕು" ಎಂದರು ಅತ್ತೆ. "ಮ... ನೆ... ಯ... ವ... ರಿಂ... ದ... ದೂ... ರ..."

ಫ್ರೇಮಣ್ಣ ಫೋನನ್ನು ಎತ್ತಿಕೊಂಡ. ಹೊರಗೆ ಹೋಗಲಿಲ್ಲ. ಒಂದು ಗಳಿಗೆ ಅದನ್ನೇ ನೋಡಿದ. ಅದರೊಳಗಿಂದ ಆ ದನಿ "ಸರ್? ಸರ್?" ಎನ್ನುತ್ತಲೇ ಇತ್ತು.

"ನನ್ನ ಹೆಸರು ಫ್ರೇಮಣ್ಣ ಕಣಮ್ಮಾ" ಎಂದು ಹೇಳಿ ಕೆಂಪು ಗುಂಡಿ ಒತ್ತಿದ.

ನಾಲ್ಕು ಗಂಟೆ ಹೊಡೆಯಿತು. ಯಾವ ಬಾಗಿಲೂ ಮುಚ್ಚಲಿಲ್ಲ. ಡಬ್ಬಿಯ ಮುಚ್ಚಳ ಮಾತ್ರ ತೆರೆಯಿತು. ಅವರವರ ಹಣ ಅವರವರ ಕೈ ಸೇರಿತು. ಬೈಯಬೇಕೆಂದು ಬಾಯಿ ತೆರೆದವರು ಅತ್ತೆಯನ್ನು ನೋಡಿ ಸುಮ್ಮನಾದರು. ಅವರು ಇನ್ನೂ ಐದನೆಯ ಲಕ್ಷಣ ಓದುತ್ತಿದ್ದರು. ಶುರು ಮಾಡಿದ್ದನ್ನು ಮುಗಿಸದೆ ಬಿಡುವ ಅಭ್ಯಾಸ ಅವರಿಗಿರಲಿಲ್ಲ. ಕೊನೆಯ ಸಾಲಿನಲ್ಲಿ ಕಚೇರಿಯ ಫೋನ್ ನಂಬರಿತ್ತು. ಅತ್ತೆ ಒಂದೊಂದೇ ಅಂಕಿ ಹೇಳಿದರು, ಕ್ಷೌರಿಕ ಒತ್ತಿದ.

ಸಾಹೇಬರು ಅರ್ಧ ಗಂಟೆಯಲ್ಲಿ ಬಂದರು, ಸನ್ಮಾನಕ್ಕೆ ಕರೆದಿದ್ದಾರೆಂದು ತಿಳಿದು ಇಸ್ತ್ರಿ ಕೋಟು ತೊಟ್ಟು. ವಿಷಯ ಕೇಳಿ ನಿನ್ನೆ ಹತ್ತಿದ್ದ ಸ್ಟೂಲಿನ ಮೇಲೆಯೇ ಕುಸಿದು ಕೂತರು.

"ಹಾಗಾದರೆ ಸದರಿ ಚಪ್ಪಾಳೆಯನ್ನು ನಿನ್ನೆ ತಟ್ಟಲಾದದ್ದು?"

"ದುಡ್ಡು ಹಾಕೋ ಖುಷಿಗೆ ಸಾಹೇಬ್ರೇ" ಎಂದ ಕ್ಷೌರಿಕ. "ತಡ ಮಾಡಿದೋರು ಅಳ್ತಿದಾರೆ ಅಂದ್ರಲ್ಲ."

"ದೂರು ಕೊಡೋಕೆ ತಡ ಮಾಡಿದೋರು ಕಣ್ರಯ್ಯಾ!" ಮೂವತ್ತು ವರ್ಷದಲ್ಲಿ ಸಾಹೇಬರ ಬಾಯಿಂದ ಬಂದ ಮೊದಲ ಸಾದಾ ವಾಕ್ಯ ಅದು. ಅದು ಹೊರಬಿದ್ದದ್ದೇ ತಡ, ಬೇರೆ ಮಾತುಗಳೂ ಬಂದವು. ಬೋರ್ಡಿನ ಹಣಕ್ಕೆ ಇವತ್ತೇ ದೂರು ಬರೆದುಕೊಳ್ಳುತ್ತೇನೆ, ಆದರೆ ಬಂದೇ ಬರುತ್ತದೆಂದು ಸುಳ್ಳು ಹೇಳುವುದಿಲ್ಲ ಎಂದರು. ಎಚ್ಚರಿಕೆಯೆಂಬ ಮಾತನ್ನು ನಾಲ್ಕನೆಯ ಪ್ಯಾರಾದಲ್ಲಿ ಹೂತಿಟ್ಟವನು ನಾನೇ, ಜನ ಹೆದರಬಾರದೆಂದು ಹಾಗೆ ಮಾಡಿದೆ ಎಂದೂ ಒಪ್ಪಿಕೊಂಡರು.

"ಅಮ್ಮಾ, ನೀವು ಓದುವಾಗ ಎಲ್ಲೆಲ್ಲಿ ತಡವರಿಸಿದ್ರಿ?"

ಅತ್ತೆ ಹನ್ನೊಂದು ಜಾಗ ತೋರಿಸಿದರು. ಸಾಹೇಬರು ಒಂದೊಂದನ್ನೂ ಗುರುತು ಮಾಡಿಕೊಂಡರು. "ಇಲ್ಲೇನು ಬರೀಬೇಕಿತ್ತು?"

"ಇದು ಮೋಸ, ದುಡ್ಡು ಹಾಕ್ಬೇಡಿ ಅಂತ ಬರೀಬೇಕಿತ್ತು."

"ಅಷ್ಟೇನಾ?"

"ಮತ್ತೆ? ಜಿಂಕೆಗೆ ಅಷ್ಟು ಚಂದದ ಬಣ್ಣ ಯಾಕೆ ಕೊಟ್ರಿ?"

ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೆಂಡತಿ ಡಬ್ಬಿ ಹಿಡಿದು ಹೊರಟಳು. ಫ್ರೇಮಣ್ಣ ಹಿಂದೆಯೇ ಹೋಗಿ, ಮೆಷಿನ್ನನ್ನು ತಲೆಯ ಮೇಲೆ ಹೊತ್ತು ತಂದ. ಕೈಗಾಡಿ ಮಾಡೋಣ ಎಂದವಳಿಗೆ, "ಬೇಡ, ಇಷ್ಟಾದ್ರೂ ಹೊರ್ತೀನಿ" ಎಂದ. ಅಂಗಡಿಯ ಮೆಟ್ಟಿಲ ಬಳಿ ಅವಳು, "ನಂಗೂ ಓದೋಕೆ ಬರ್ತಿತ್ತು ರೀ. ಮುದ್ರೆ ನೋಡಿ ನಿಂತುಬಿಟ್ಟೆ" ಎಂದಳು. ಫ್ರೇಮಣ್ಣನ ತಲೆಯ ಭಾರ ಅಷ್ಟಕ್ಕೆ ಅರ್ಧ ಇಳಿದಂತಾಯಿತು.

ಮುಂದಿನ ವಾರ ನಲವತ್ತು ಕಟ್ಟುಗಳೂ ವ್ಯಾನಿನಲ್ಲಿ ಮರಳಿ ಬಂದವು, ಹೊಸ ಕಾಗದ ಕೂರಿಸಲು. ಹೊಸ ಕಾಗದದಲ್ಲಿ ದಪ್ಪ ಅಕ್ಷರದ ಎರಡು ಸಾಲು, ಕೆಳಗೆ ಫೋನ್ ನಂಬರು. ಜಿಂಕೆ ಬೂದುಬಣ್ಣಕ್ಕೆ ತಿರುಗಿ, ನೆಗೆಯುವುದನ್ನು ಬಿಟ್ಟು, ಕಾಲು ಮಡಿಚಿ ಕೂತಿತ್ತು. ಫ್ರೇಮಣ್ಣ ಪ್ರತಿಯೊಂದನ್ನೂ ಗಾಜು ಹಾಕುವ ಮೊದಲು ಮೇಲಿಂದ ಕೆಳಗೆ ಓದಿದ. ನಲವತ್ತರಲ್ಲೂ ಅದೇ ಇತ್ತು. ಆದರೂ ಓದಿದ. ಸೋದರಮಾವನ ನೇಮವನ್ನು ಅವನು ಪೂರ್ತಿ ಬಿಡಲಿಲ್ಲ. ಈಗ ಓದುತ್ತಾನೆ, ಗಿರಾಕಿಯನ್ನು ಏನೂ ಕೇಳುವುದಿಲ್ಲ.

ಅತ್ತೆ ವಾಪಸು ಹೋಗುವ ಮಾತೇ ಎತ್ತಲಿಲ್ಲ, ಬೀದಿಯವರೂ ಎತ್ತಗೊಡಲಿಲ್ಲ. ಯಾರ ಫೋನಿಗೆ ಏನೇ ಬರಲಿ, ಬಹುಮಾನ ಬಂದಿದೆ, ಖಾತೆ ಮುಚ್ಚುತ್ತಿದೆ, ಇಲ್ಲಿ ಒತ್ತಿ ಎಂದು ಯಾರೇ ಬರೆಯಲಿ, ಜನ ಅದನ್ನು ತಂದು ಅತ್ತೆಯ ಮುಂದೆ ಹಿಡಿಯುತ್ತಾರೆ. ಅವರು ಬೆರಳಿಟ್ಟು ಓದುತ್ತಾರೆ. ಅಷ್ಟು ನಿಧಾನಕ್ಕೆ ಓದಿಸಿಕೊಂಡರೆ ಎಂಥ ಮೋಸವೂ ಅರ್ಧ ದಾರಿಯಲ್ಲೇ ಸಿಕ್ಕಿಬೀಳುತ್ತದೆ. ಪಕ್ಕದಲ್ಲಿ ಮೇಷ್ಟ್ರು ಕೂತು, ಅವರಿಗೆ ಮೂರನೆಯ ಪುಸ್ತಕ ಹೇಳಿಕೊಡುತ್ತಿದ್ದಾರೆ. ಬೇಗ ಓದುವುದನ್ನು ಮಾತ್ರ ಕಲಿಸಬೇಡಿ ಎಂದು ಬೀದಿ ಅವರಿಗೆ ಕಟ್ಟಪ್ಪಣೆ ಮಾಡಿದೆ.

ತಿಂಗಳ ಕೊನೆಗೆ ಕಚೇರಿಯಿಂದ ಒಂದು ಲಕೋಟೆ ಬಂತು. ನಲವತ್ತು ಕಟ್ಟುಗಳ ಕೂಲಿ ಮತ್ತು ಒಂದು ಪತ್ರ. ಹಿಂದಿನ ಕೋಣೆಯಲ್ಲಿ ಓವರ್‌ಲಾಕ್ ಮೆಷಿನ್ನು ಆಸ್ಪತ್ರೆಯ ನೂರಾ ಹನ್ನೆರಡನೆಯ ಪರದೆಯ ಅಂಚಿನ ಮೇಲೆ ಗರಗರನೆ ಓಡುತ್ತಿತ್ತು. ಪತ್ರವನ್ನು ಫ್ರೇಮಣ್ಣ ತಾನೇ ಓದಬಹುದಿತ್ತು. ಓದಲಿಲ್ಲ. ಅತ್ತೆಯ ಕೈಗೆ ಕೊಟ್ಟು ಎದುರಿಗೆ ಕೂತ.

ಅತ್ತೆ ಬೆರಳಿಟ್ಟರು. "ಮಾ... ನ್ಯ... ರೇ... ತ... ಮ್ಮ... ಸ... ಹ... ಕಾ... ರ... ಕ್ಕೆ..." ಕೊನೆಯವರೆಗೂ ಓದಿ ತಲೆಯೆತ್ತಿದರು. ಅಳಿಯ ಅಲ್ಲಾಡದೆ ಕೂತಿದ್ದ.

"ಯಾಕಪ್ಪಾ, ಅರ್ಥ ಆಗ್ಲಿಲ್ವಾ?"

"ಆಯ್ತು ಅತ್ತೆ. ಆ ಮೊದಲನೇ ಪದ ಇದೆಯಲ್ಲ... ಅದನ್ನ ಇನ್ನೊಂದ್ಸಲ ಓದಿ."

ಅತ್ತೆ ಅಳಿಯನ ಮುಖ ನೋಡಿದರು. ಸೆರಗಿನಿಂದ ಬೆರಳು ಒರೆಸಿಕೊಂಡು, ಮೊದಲಿನ ಅಕ್ಷರದ ಕೆಳಗೆ ಇಟ್ಟರು. ಈ ಸಲ ಇನ್ನೂ ನಿಧಾನಕ್ಕೆ ಓದಿದರು.

"ಮಾ..."

ಫ್ರೇಮಣ್ಣ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.